ಸೊಳ್ಳೆ ಹೊರಗಿನಿಂದ ಬರುವುದಿಲ್ಲ

(ಮಳೆಗಾಲಕ್ಕೆ ಮುನ್ನ ಕರಾವಳಿಯ ಪಟ್ಟಣವೊಂದರಲ್ಲಿ ನಡೆದ ಮೊಹಲ್ಲಾ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇನ್ನು ಕೆಲವೇ ವಾರಗಳಲ್ಲಿ ಮಳೆ ಆರಂಭವಾಗಲಿದೆ. ಮಳೆಯ ಬೆನ್ನಿಗೇ ಜ್ವರದ ಕಾಲವೂ ಬರಲಿದೆ. ಆಸ್ಪತ್ರೆಯ ಮುಂದೆ ಸಾಲು, ರಕ್ತಪರೀಕ್ಷೆಯ ಕೇಂದ್ರದ ಮುಂದೆ ಸಾಲು, ಪ್ಲೇಟ್‌ಲೆಟ್ ಎಷ್ಟಿದೆ ಎಂಬ ಆತಂಕ, ದುಡಿಯುವವನು ಹಾಸಿಗೆ ಹಿಡಿದರೆ ಮನೆಯ ಖರ್ಚು ಹೇಗೆಂಬ ಚಿಂತೆ. ಇವೆಲ್ಲ ನಮಗೆ ಎಷ್ಟು ರೂಢಿಯಾಗಿವೆಯೆಂದರೆ, ಇದನ್ನು ನಾವು ಋತುಧರ್ಮವೆಂದೇ ಭಾವಿಸಿದ್ದೇವೆ. “ಮಳೆಗಾಲವಲ್ಲವೇ, ಸೊಳ್ಳೆ ಇದ್ದದ್ದೇ” ಎಂದು ಹೇಳಿ ಬತ್ತಿ ಹಚ್ಚಿಟ್ಟು ಮಲಗುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಂದು ನಿಮ್ಮೊಂದಿಗೆ ಆಲೋಚಿಸಲು ಬಯಸುತ್ತೇವೆ.

ಈ ಮಾತು ಹೊಸದೇನಲ್ಲ. ನಮ್ಮದೇ ಬೆಂಗಳೂರಿನಲ್ಲಿ 1883ರಲ್ಲಿ ಇಂಥದೊಂದು ಮಾತನ್ನು ಬ್ರಿಟಿಷ್ ಸೇನಾಧಿಕಾರಿಯೊಬ್ಬನು ಆಡಿದ್ದನು. ಆಗ ರೊನಾಲ್ಡ್ ರಾಸ್ ಎಂಬ ಯುವ ವೈದ್ಯರು ಅಲ್ಲಿನ ದಂಡಿನಲ್ಲಿ ಸೇವೆಯಲ್ಲಿದ್ದರು. ತಮ್ಮ ವಸತಿಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾದಾಗ ಅವರು ಕಾರಣ ಹುಡುಕಿದರು. ಕಿಟಕಿಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಹೊರಳಾಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದರು, ಕಾಟ ಕಡಿಮೆಯಾಯಿತು. ಉಳಿದ ಕಡೆಗಳಲ್ಲೂ ಹಾಗೆಯೇ ಮಾಡೋಣವೆಂದು ಆ ಅಧಿಕಾರಿಗೆ ಸೂಚಿಸಿದಾಗ ಆತನು ಒಪ್ಪಲಿಲ್ಲ. ಸೊಳ್ಳೆಗಳನ್ನು ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಸಲಾಗಿದೆ, ಅವುಗಳನ್ನು ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬುದು ಆತನ ಉತ್ತರವಾಗಿತ್ತು. ಈ ಘಟನೆಯನ್ನು ರಾಸ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

ಅದೇ ರಾಸ್ ಹದಿನಾಲ್ಕು ವರ್ಷಗಳ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಭಿತ್ತಿಯಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಗುರುತಿಸಿದರು. ಆ ಸೊಳ್ಳೆ ರಕ್ತ ಕುಡಿದದ್ದು ಹುಸೇನ್ ಖಾನ್ ಎಂಬ ರೋಗಿಯಿಂದ. ಕಚ್ಚಿಸಿಕೊಂಡ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಆತನಿಗೆ ಕೊಡಲಾಗಿತ್ತು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಹುಸೇನ್ ಖಾನ್ ಅವರ ಹೆಸರನ್ನು ಇಂದು ನೆನೆಯುವವರು ವಿರಳ. ಆದರೆ ಆ ಬಡ ರೋಗಿಯ ರಕ್ತದಿಂದ ಜಗತ್ತು ಕಲಿತ ಪಾಠ ಬಹಳ ದೊಡ್ಡದು. ಕೆಟ್ಟ ಗಾಳಿಯಿಂದ, ಜೌಗು ನೆಲದ ಆವಿಯಿಂದ ಬರುತ್ತದೆಂದು ಸಾವಿರಾರು ವರ್ಷ ನಂಬಿದ್ದ ರೋಗವು ಒಬ್ಬನ ರಕ್ತದಿಂದ ಇನ್ನೊಬ್ಬನ ರಕ್ತಕ್ಕೆ ಸೊಳ್ಳೆಯ ಮೂಲಕ ದಾಟುತ್ತದೆ. ಆ ಸೊಳ್ಳೆಗೆ ಬೇಕಾದುದು ನಿಂತ ನೀರು.

ಇಲ್ಲಿಂದಾಚೆಗೆ ಪ್ರಶ್ನೆ ಬದಲಾಗುತ್ತದೆ. ಸೊಳ್ಳೆಯನ್ನು ಹೇಗೆ ಕೊಲ್ಲುವುದು ಎಂಬುದು ಎರಡನೆಯ ಪ್ರಶ್ನೆ. ನೀರನ್ನು ನಿಲ್ಲಿಸಿದವರು ಯಾರು ಎಂಬುದು ಮೊದಲನೆಯ ಪ್ರಶ್ನೆ.

ಎಲ್ಲ ಸೊಳ್ಳೆಯೂ ಒಂದೇ ಅಲ್ಲ

ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಜಾತಿಯ ಸೊಳ್ಳೆಗಳಿವೆ. ಅವುಗಳಲ್ಲಿ ಮನುಷ್ಯನಿಗೆ ರೋಗ ಹರಡುವವು ಕೆಲವೇ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಅದೂ ಮೊಟ್ಟೆ ಬಲಿಯಲು ರಕ್ತ ಬೇಕಾದ ಕಾರಣಕ್ಕೆ. ಮೊಟ್ಟೆ ನೀರಿನಲ್ಲಿ ಒಡೆದು, ಮರಿಯಾಗಿ, ರೆಕ್ಕೆ ಬಂದು ಹಾರಿಹೋಗಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಈ ಲೆಕ್ಕವನ್ನು ತಾವು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾವು ಕೊನೆಯಲ್ಲಿ ಹೇಳಲಿರುವ ಪರಿಹಾರವೆಲ್ಲ ಈ ಒಂದು ವಾರದ ಮೇಲೆಯೇ ನಿಂತಿದೆ.

ನಮ್ಮ ಪಟ್ಟಣಗಳ ಮಟ್ಟಿಗೆ ಮೂರು ಬಗೆಯವನ್ನು ತಿಳಿದುಕೊಂಡರೆ ಸಾಕು. ಚರಂಡಿಯ ಕೊಳೆತ ನೀರಿನಲ್ಲಿ ಬೆಳೆಯುವುದು ಕ್ಯೂಲೆಕ್ಸ್. ರಾತ್ರಿ ನಮ್ಮ ಕಿವಿಯ ಬಳಿ ಗುಂಯ್‌ಗುಡುವುದು ಹೆಚ್ಚಾಗಿ ಇದೇ. ಆನೆಕಾಲು ರೋಗ ಹರಡುವುದೂ ಇದೇ. ಎರಡನೆಯದು ಅನಾಫಿಲಿಸ್, ಮಲೇರಿಯಾದ ವಾಹಕ. ಇದರಲ್ಲಿ ಸ್ಟೀಫೆನ್ಸಿ ಎಂಬ ಪ್ರಭೇದ ನಗರವಾಸಿ. ಬಾವಿ, ತಾರಸಿಯ ಟ್ಯಾಂಕು, ನೆಲದಡಿಯ ಸಂಪು ಮುಂತಾದ ಶುದ್ಧ ನೀರೇ ಅದಕ್ಕೆ ಪ್ರಿಯ. ಮೂರನೆಯದು ಕಪ್ಪು ಮೈಗೆ ಬಿಳಿ ಪಟ್ಟೆಗಳ ಈಡಿಸ್, ಡೆಂಗ್ಯೂ ಮತ್ತು ಚಿಕೂನ್‌ಗುನ್ಯಾದ ವಾಹಕ. ಇದು ಹಗಲಿನಲ್ಲಿ ಕಚ್ಚುತ್ತದೆ. ಒಂದು ಲೋಟದಷ್ಟು ನೀರಿದ್ದರೂ ಇದರ ಸಂತಾನಕ್ಕೆ ಸಾಕು.

ಹೀಗಿರುವಾಗ, “ಚರಂಡಿ ಗಲೀಜಾಗಿದೆ, ಅದಕ್ಕೇ ಡೆಂಗ್ಯೂ ಬಂದಿದೆ” ಎಂದು ನಾವು ದೂರುವುದು ಪೂರ್ಣ ಸತ್ಯವಲ್ಲ. ಚರಂಡಿ ಸ್ವಚ್ಛವಾಗಲೇಬೇಕು. ಆದರೆ ಡೆಂಗ್ಯೂವಿನ ಸೊಳ್ಳೆ ನಮ್ಮ ಮನೆಯ ಚೊಕ್ಕ ನೀರಿನಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ, ಫ್ರಿಜ್ಜಿನ ಹಿಂಬದಿಯ ತಟ್ಟೆಯಲ್ಲಿ ಹುಟ್ಟಿದ್ದು. ಅದು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಒಂದೆರಡು ನೂರು ಮೀಟರುಗಳಾಚೆಗೆ ಹೋಗುವುದಿಲ್ಲ. ಅಂದರೆ ನಮ್ಮನ್ನು ಕಚ್ಚಿದ ಸೊಳ್ಳೆಯನ್ನು ಸಾಕಿದವರು ನಾವೇ ಆಗಿರಬಹುದು, ಇಲ್ಲವೇ ನಮ್ಮ ನೆರೆಯವರಾಗಿರಬಹುದು.

ಕಾಡಿನ ಜ್ವರ ನಾಡಿಗೆ ಬಂದ ಬಗೆ

ಒಂದು ಕಾಲದಲ್ಲಿ ಮಲೇರಿಯಾ ಎಂದರೆ ಮಲೆನಾಡಿನ ಜ್ವರ. ಬೆಟ್ಟದ ತೊರೆಗಳಲ್ಲಿ ಬೆಳೆಯುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಅಲ್ಲಿ ಅದನ್ನು ಹರಡುತ್ತಿತ್ತು. ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರು ಮಲೇರಿಯಾಕ್ಕೆ ತುತ್ತಾಗುತ್ತಿದ್ದರು, ಸುಮಾರು 8 ಲಕ್ಷ ಜನರು ಸಾಯುತ್ತಿದ್ದರು ಎಂಬುದು ಆಗಿನ ಅಂದಾಜು. 1940ರ ದಶಕದ ಮಧ್ಯಭಾಗದಲ್ಲಿ, ಆಗ ಮುಂಬೈ ಪ್ರಾಂತದಲ್ಲಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ಪ್ರಯೋಗ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಯಶಸ್ವಿಯಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಬಂದವು. 1960ರ ದಶಕದ ಮಧ್ಯಭಾಗದಲ್ಲಿ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು.

ಗೆದ್ದೆವೆಂದು ನಾವು ಮೈಮರೆತೆವು. ಸೊಳ್ಳೆಗಳು ಔಷಧಕ್ಕೆ ಒಗ್ಗಿಕೊಂಡವು, ನಿಗಾ ಸಡಿಲವಾಯಿತು, ಪಟ್ಟಣಗಳು ಯೋಜನೆಯಿಲ್ಲದೆ ಬೆಳೆದವು. 1976ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು 64 ಲಕ್ಷವನ್ನು ದಾಟಿದವು. ಪರಿಸರವನ್ನು ನಾವೇ ಸೊಳ್ಳೆಗೆ ಅನುಕೂಲವಾಗಿ ಮಾರ್ಪಡಿಸುತ್ತಿರುವಾಗ, ಬರೀ ಔಷಧದ ಬಲದಿಂದ ಅದನ್ನು ಸೋಲಿಸಲಾಗದು. ಆ ಸೋಲಿನಿಂದ ನಾವು ಕಲಿಯಬೇಕಾಗಿದ್ದ ಪಾಠ ಇದು.

ಇದಕ್ಕೆ ಮಂಗಳೂರಿಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 1990ರ ದಶಕದಿಂದ ಈ ನಗರದಲ್ಲಿ ಬಹುಮಹಡಿ ಕಟ್ಟಡಗಳು ಏಳಲಾರಂಭಿಸಿದವು, ಅವುಗಳ ಜೊತೆಗೇ ಮಲೇರಿಯಾವೂ ಬೇರೂರಿತು. ಕಾಂಕ್ರೀಟು ಗಟ್ಟಿಯಾಗಲೆಂದು ಸ್ಲ್ಯಾಬಿನ ಮೇಲೆ ನಿಲ್ಲಿಸುವ ನೀರು, ಲಿಫ್ಟಿಗಾಗಿ ತೋಡಿದ ಗುಂಡಿ, ಕಟ್ಟಡಕ್ಕೆ ನೀರು ತುಂಬಿಡುವ ತೊಟ್ಟಿ, ನೆಲಮಾಳಿಗೆಯಲ್ಲಿ ತಂಗಿದ ಮಳೆನೀರು. ಇವೆಲ್ಲ ಸ್ಟೀಫೆನ್ಸಿ ಸೊಳ್ಳೆಗೆ ನಾವೇ ಕಟ್ಟಿಕೊಟ್ಟ ಹೆರಿಗೆಮನೆಗಳು. ಕಳೆದ ದಶಕದ ಮಧ್ಯಭಾಗದಲ್ಲಿ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ದಕ್ಷಿಣ ಕನ್ನಡ ಜಿಲ್ಲೆಯೊಂದರಿಂದಲೇ ವರದಿಯಾಗುತ್ತಿದ್ದವು.

ಆಗ ಕೇಳಿಬಂದ ಮಾತೊಂದನ್ನು ಇಲ್ಲಿ ನೆನಪಿಸಿಕೊಳ್ಳಬೇಕಾಗಿದೆ. “ಹೊರಗಿನಿಂದ ಬಂದ ಕೂಲಿಕಾರ್ಮಿಕರು ರೋಗ ತಂದರು” ಎಂದು ಸುಲಭವಾಗಿ ಹೇಳಲಾಯಿತು. ಉತ್ತರ ಕರ್ನಾಟಕದಿಂದ, ಉತ್ತರ ಭಾರತದಿಂದ ಬಂದ ಆ ಬಡವರ ಪೈಕಿ ಕೆಲವರ ರಕ್ತದಲ್ಲಿ ಪರಾವಲಂಬಿ ಇದ್ದಿರಬಹುದು. ಆದರೆ ಅವರನ್ನು ಬಾಗಿಲು ಕಿಟಕಿಗಳಿಲ್ಲದ ಅರೆಕಟ್ಟಡದಲ್ಲಿ, ಸೊಳ್ಳೆಪರದೆಯೂ ಇಲ್ಲದೆ, ನಿಂತ ನೀರಿನ ಪಕ್ಕದಲ್ಲಿಯೇ ಮಲಗಿಸಿದವರು ಯಾರು? ಜ್ವರ ಬಂದರೆ ಒಂದು ದಿನದ ಕೂಲಿ ಕಡಿತವಾಗುವ ಭಯದಿಂದ ರಕ್ತಪರೀಕ್ಷೆಗೂ ಹೋಗದೆ ಅವರು ದುಡಿಯುತ್ತಾರೆ. ಮೊದಲು ನರಳುವವರೂ ಅವರೇ. ಒಂದು ರೋಗಕ್ಕೆ ಒಂದು ಜನವರ್ಗವನ್ನು ಹೊಣೆ ಮಾಡುವುದು ಎಂಥ ಅನ್ಯಾಯವೆಂಬುದನ್ನು ನಮ್ಮ ಸಮುದಾಯಕ್ಕೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಕೊರೋನಾದ ದಿನಗಳಲ್ಲಿ, 2020ರಲ್ಲಿ, ನಾವು ಅದನ್ನು ಅನುಭವಿಸಿದ್ದೇವೆ. ಆ ನೋವನ್ನು ಉಂಡವರು ಅದನ್ನು ಇನ್ನೊಬ್ಬರಿಗೆ ಉಣಿಸಬಾರದು.

ಅದೇ ಮಂಗಳೂರು ಇನ್ನೊಂದು ಪಾಠವನ್ನೂ ಕಲಿಸಿದೆ. 2015ರ ಅಕ್ಟೋಬರಿನಿಂದ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಯಂತ್ರಗಳನ್ನು ಕೊಟ್ಟು, ಪ್ರತಿಯೊಂದು ಪ್ರಕರಣವನ್ನೂ ಗಣಕದಲ್ಲಿ ದಾಖಲಿಸುವ ವ್ಯವಸ್ಥೆ ಬಂದಿತು. ರೋಗಿಯ ಮನೆಗೆ ಹೋಗಿ ಔಷಧ ಪೂರ್ಣಗೊಂಡಿತೇ ಎಂದು ನೋಡುವುದು, ಸುತ್ತಲಿನವರ ರಕ್ತ ಪರೀಕ್ಷಿಸುವುದು, ಸೊಳ್ಳೆ ಹುಟ್ಟುವ ತಾಣವನ್ನು ಹುಡುಕಿ ನಾಶಪಡಿಸುವುದು. ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ, ಇರುವ ಕೆಲಸವನ್ನು ನಿಷ್ಠೆಯಿಂದ ಮಾಡಿದರು. ಆ ಬಳಿಕದ ವರ್ಷಗಳಲ್ಲಿ ರೋಗಿಗಳ ಸಂಖ್ಯೆ ಬಹಳಷ್ಟು ಇಳಿಯಿತು. ಮನುಷ್ಯನು ಕೆಡಿಸಿದ್ದನ್ನು ಮನುಷ್ಯನು ಸರಿಪಡಿಸಬಲ್ಲನೆಂಬುದಕ್ಕೆ ಇದು ಸಾಕ್ಷಿ.

ಆದರೆ ನಮ್ಮಲ್ಲಿ ತಗ್ಗಿದ ಈ ಸೊಳ್ಳೆಯ ಹಾವಳಿ ಕಡಲಾಚೆ ಹೊಸದಾಗಿ ಆರಂಭವಾಗಿದೆ. ದಕ್ಷಿಣ ಏಷ್ಯಾ ಮತ್ತು ಅರಬ್ ಪ್ರದೇಶಗಳಿಗೆ ಸೀಮಿತವಾಗಿದ್ದ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಪತ್ತೆಯಾಯಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣಗಳು 27. 2020ರಲ್ಲಿ ಅವು 73,000ವನ್ನು ದಾಟಿದವು. ಅದು ಇಥಿಯೋಪಿಯ, ಸುಡಾನ್, ಸೊಮಾಲಿಯ, ಕೀನ್ಯ, ನೈಜೀರಿಯಗಳಿಗೂ ಹರಡಿದೆ. ಆಫ್ರಿಕಾದ ಮಲೇರಿಯಾ ಹೆಚ್ಚಾಗಿ ಹಳ್ಳಿಗಳದ್ದು. ತೊಟ್ಟಿ, ಟ್ಯಾಂಕುಗಳಲ್ಲಿ ಬೆಳೆಯುವ ಈ ಸೊಳ್ಳೆ ಅದನ್ನು ಅಲ್ಲಿನ ನಗರಗಳಿಗೂ ತರುವ ಅಪಾಯವಿದೆ.

ತೋಟ, ಮಳೆ ಮತ್ತು ಬಿಸಿಲು

ಪಟ್ಟಣದ ಮಾತಾಯಿತು. ತೋಟಗಳ ನಾಡಿನಲ್ಲಿ ಏನಾಯಿತೆಂಬುದನ್ನೂ ನೋಡೋಣ. 2006ರ ಚಿಕೂನ್‌ಗುನ್ಯಾವನ್ನು ನಮ್ಮ ಹಿರಿಯರು ಮರೆತಿರಲಾರರು. ಗಂಟುಗಂಟುಗಳ ನೋವಿನಿಂದ ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದ ವರ್ಷವದು. ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು, ಅವುಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ನಮ್ಮ ಕರ್ನಾಟಕದವು. ಆ ವರ್ಷ ಬಯಲುಸೀಮೆಯ ಡ್ರಮ್ಮು, ತೊಟ್ಟಿಗಳಲ್ಲಿ ಬೆಳೆದ ಈಡಿಸ್ ಈಜಿಪ್ಟೈ ಅದನ್ನು ಹರಡಿತ್ತು. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಈ ವೈರಾಣುವಿನಲ್ಲಿ ಒಂದು ಸಣ್ಣ ಮಾರ್ಪಾಟು ಕಂಡುಬಂದಿತ್ತು. ಅಂಥದೇ ಮಾರ್ಪಾಟು ಹೊಂದಿದ ವೈರಾಣು, ಕುಟುಂಬದ ಇನ್ನೊಂದು ಸೊಳ್ಳೆಯಾದ ಈಡಿಸ್ ಆಲ್ಬೊಪಿಕ್ಟಸ್‌ನ ಮೂಲಕವೂ ಸುಲಭವಾಗಿ ಹರಡಬಲ್ಲದಾಯಿತು. ಅದು 2007ರಲ್ಲಿ ಕೇರಳವನ್ನೂ 2008ರಲ್ಲಿ ದಕ್ಷಿಣ ಕನ್ನಡವನ್ನೂ ಕಾಡಿತು.

ಈ ಆಲ್ಬೊಪಿಕ್ಟಸ್ ಹಸಿರು ಇರುವಲ್ಲಿ ವಾಸಿಸುತ್ತದೆ. ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆಹಾಳೆ, ತೆಂಗಿನ ಗೆರಟೆ ಇವುಗಳಲ್ಲಿ ಒಂದು ಮಳೆಗೆ ನಿಂತ ನೀರು ಅದಕ್ಕೆ ಸಾಕು. ಕಾಡು ಹೋಗಿ ಒಂದೇ ಬೆಳೆಯ ತೋಟ ಬಂದಾಗ ಮೇಲ್ನೋಟಕ್ಕೆ ಹಸಿರೇ ಉಳಿದಂತೆ ಕಾಣುತ್ತದೆ. ಆದರೆ ಒಂದೊಂದು ಮರದ ಕೊರಳಿಗೂ ಒಂದೊಂದು ಬಟ್ಟಲು ಕಟ್ಟಿದ ಆ ಹಸಿರು ಹಿಂದಿನ ಹಸಿರಲ್ಲ. ಕೆರೆಯ ಕಥೆಯೂ ಇದೇ. ತುಂಬಿದ ಕೆರೆಯಲ್ಲಿ ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿಗಳನ್ನು ತಿಂದು ಹತೋಟಿಯಲ್ಲಿಡುತ್ತವೆ. ಕೆರೆಯನ್ನು ಮಣ್ಣು ಹಾಕಿ ಮುಚ್ಚಿ ಬಡಾವಣೆ ಮಾಡಿದರೆ ತಿನ್ನುವವರು ಸಾಯುತ್ತಾರೆ, ಹರಿಯಲು ದಾರಿಯಿಲ್ಲದ ಮಳೆನೀರು ಗುಂಡಿಗಳಲ್ಲಿ ನಿಂತು ಸೊಳ್ಳೆ ಮಾತ್ರ ಉಳಿಯುತ್ತದೆ.

ಇವೆಲ್ಲದರ ಮೇಲೆ ಹವಾಮಾನದ ಬದಲಾವಣೆಯೂ ಸೇರಿಕೊಂಡಿದೆ. ಇದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಸೊಳ್ಳೆ ರೋಗಿಯನ್ನು ಕಚ್ಚಿದೊಡನೆ ಅದರಿಂದ ಇನ್ನೊಬ್ಬನಿಗೆ ರೋಗ ಬರುವುದಿಲ್ಲ. ಪರಾವಲಂಬಿ ಅದರ ಮೈಯೊಳಗೆ ಬೆಳೆದು ಎಂಜಲಿಗೆ ತಲುಪಬೇಕು. 20 ಡಿಗ್ರಿ ಉಷ್ಣಾಂಶದಲ್ಲಿ ಫಾಲ್ಸಿಪಾರಂ ಮಲೇರಿಯಾದ ಪರಾವಲಂಬಿಗೆ ಇದಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ, 28 ಡಿಗ್ರಿಯಲ್ಲಿ ಸುಮಾರು ಹತ್ತು ದಿನ. ಸೊಳ್ಳೆಯ ಆಯುಷ್ಯವೇ ಕೆಲವು ವಾರ. ತಂಪಿನಲ್ಲಿ ಪರಾವಲಂಬಿ ಬಲಿಯುವ ಮುನ್ನ ಸೊಳ್ಳೆಯೇ ಸತ್ತುಹೋಗುತ್ತದೆ. ಹವೆ ಬೆಚ್ಚಗಾದರೆ ಪರಾವಲಂಬಿ ಗೆಲ್ಲುತ್ತದೆ. ಒಂದೆರಡು ಡಿಗ್ರಿಯ ಏರಿಕೆ ಏನು ಮಹಾ ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ.

ಹಾಗೆಂದು ಬಿಸಿಲು ಏರಿದಷ್ಟೂ ರೋಗ ಏರುತ್ತದೆಂದಲ್ಲ. ತೀರಾ ಸುಡುಬಿಸಿಲಿನಲ್ಲಿ ಸೊಳ್ಳೆಯೂ ಬದುಕದು. ಆದರೆ ಹಿಂದೆ ತಂಪಾಗಿದ್ದ ಎತ್ತರದ ನಾಡುಗಳು ಈಗ ಅದಕ್ಕೆ ತೆರೆದುಕೊಳ್ಳುತ್ತಿವೆ. ನೇಪಾಳದಲ್ಲಿ ಮೊದಲ ಡೆಂಗ್ಯೂ ಪ್ರಕರಣ ಕಂಡದ್ದು 2004ರಲ್ಲಿ. 2022ರ ವೇಳೆಗೆ ಹಿಮಾಲಯದ ಮಡಿಲಿನ ಕಾಠ್ಮಂಡು ಕಣಿವೆಯಲ್ಲೇ ಅದು ದೊಡ್ಡ ಪಿಡುಗಾಯಿತು. ಅದೇ 2022ರಲ್ಲಿ ಪಾಕಿಸ್ತಾನದಲ್ಲಿ ಮಹಾಪ್ರವಾಹ ಬಂದಿತು. ಹಿಂದಿನ ವರ್ಷ ಸುಮಾರು 5 ಲಕ್ಷವಿದ್ದ ಮಲೇರಿಯಾ ಪ್ರಕರಣಗಳು ಆ ವರ್ಷ 26 ಲಕ್ಷಕ್ಕೆ ಏರಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನೀರು ಇಳಿದ ಮೇಲೆ ಉಳಿದ ಹೊಂಡಗಳಲ್ಲಿ ಸೊಳ್ಳೆ, ಡೇರೆಗಳಲ್ಲಿ ಮನೆ ಕಳೆದುಕೊಂಡ ಜನ. 2024ರಲ್ಲಿ ಜಗತ್ತಿನಾದ್ಯಂತ ವರದಿಯಾದ ಡೆಂಗ್ಯೂ ಪ್ರಕರಣಗಳು 1 ಕೋಟಿ 40 ಲಕ್ಷವನ್ನು ಮೀರಿದವು. ಹೊಗೆಯುಗುಳುವ ಕಾರ್ಖಾನೆ, ಕಾರುಗಳ ಲಾಭ ಯಾರಿಗೋ, ಜ್ವರ ಯಾರಿಗೋ. ಇದು ಇಂದಿನ ಲೋಕದ ನ್ಯಾಯವಾಗಿಬಿಟ್ಟಿದೆ.

ನೀರು ಕೊಡದವರ ದಂಡ

ಮಳೆ ಹೆಚ್ಚಾದರೆ ಸೊಳ್ಳೆ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ. ಮಳೆ ಬಾರದಿದ್ದರೂ ಹೆಚ್ಚುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಬರ ಬಂದರೆ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಆಗ ಬಡವರ ಮನೆಯಲ್ಲಿ ಕೊಡ, ಡ್ರಮ್ಮು, ಬಕೆಟ್ಟು, ತಪ್ಪಲೆಗಳೆಲ್ಲ ತುಂಬಿರುತ್ತವೆ. ಮುಂದಿನ ಸರದಿ ಬರುವವರೆಗೆ ಆ ನೀರನ್ನು ಚೆಲ್ಲುವಂತಿಲ್ಲ. ಸೊಳ್ಳೆಗೆ ಬೇಕಾದ ಆ ಒಂದು ವಾರ ಅಲ್ಲಿಯೇ ಸಿಗುತ್ತದೆ.

2024ರಲ್ಲಿ ಕರ್ನಾಟಕದಲ್ಲಿ ಡೆಂಗ್ಯೂ ಪ್ರಕರಣಗಳು ಸೆಪ್ಟೆಂಬರಿನೊಳಗೇ 25 ಸಾವಿರವನ್ನು ಮೀರಿದಾಗ ರಾಜ್ಯ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಅವಕಾಶ ಕೊಡುವ ನಗರದ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಕಟ್ಟಡಗಳಿಗೆ 1,000 ರೂಪಾಯಿ, ಕಟ್ಟಡ ಕಾಮಗಾರಿಯ ಜಾಗ ಮತ್ತು ಖಾಲಿ ನಿವೇಶನಗಳಿಗೆ 2,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ದಂಡವನ್ನು ನಾವು ವಿರೋಧಿಸುವುದಿಲ್ಲ. ಅಜಾಗರೂಕತೆಗೆ ಬೆಲೆ ಇರಬೇಕು. ಆದರೆ ಕೋಟ್ಯಂತರ ರೂಪಾಯಿಯ ಕಟ್ಟಡ ಕಟ್ಟುವವನಿಗೆ 2,000 ರೂಪಾಯಿ ಒಂದು ದಂಡವೇ? ದಿನಗೂಲಿಯ ಕುಟುಂಬಕ್ಕೆ 400 ರೂಪಾಯಿ ಎಷ್ಟು ಭಾರ? ನಲ್ಲಿಯಲ್ಲಿ ದಿನವೂ ನೀರು ಕೊಡದ ಆಡಳಿತಕ್ಕೆ, ನೀರನ್ನು ಕೂಡಿಟ್ಟವನ ಮೇಲೆ ದಂಡ ಹಾಕುವ ನೈತಿಕ ಹಕ್ಕಿದೆಯೇ? ಕಸ ಎತ್ತುವುದು, ಚರಂಡಿ ಹರಿಯುವಂತೆ ನೋಡಿಕೊಳ್ಳುವುದು, ಕೆರೆ ಉಳಿಸುವುದು, ಇವೂ ಸೊಳ್ಳೆ ನಿಯಂತ್ರಣವೇ. ಜ್ವರ ಹರಡಿದ ಮೇಲೆ ಬೀದಿಗೆ ಹೊಗೆಯಂತ್ರ ಕಳಿಸಿ ಕೈತೊಳೆದುಕೊಳ್ಳುವುದು ನಿಯಂತ್ರಣವಲ್ಲ. ಆ ಹೊಗೆ ಹಾರಾಡುವ ಕೆಲವು ಸೊಳ್ಳೆಗಳನ್ನು ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನು ಮುಟ್ಟುವುದಿಲ್ಲ. ಚುನಾವಣೆಯಲ್ಲಿ ಮತ ಕೇಳಲು ಬರುವವರಲ್ಲಿ ನಾವು ಈ ಪ್ರಶ್ನೆಗಳನ್ನು ಕೇಳಬೇಕಾಗಿದೆ.

ನಮ್ಮ ಬಾಗಿಲೊಳಗೆ

ಆಡಳಿತವನ್ನು ಪ್ರಶ್ನಿಸಿದ ಬೆರಳು ನಮ್ಮ ಕಡೆಗೂ ತಿರುಗಬೇಕು. ಈ ಸಂದರ್ಭದಲ್ಲಿ ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಬಾಲಕಿಗೆ ಡೆಂಗ್ಯೂ ಬಂದಿತು. ನಾವು ಹಣ್ಣು ಹಂಪಲು ಕೊಂಡು ಆಸ್ಪತ್ರೆಗೆ ಹೋಗಿ ರೋಗಿಯ ಯೋಗಕ್ಷೇಮ ವಿಚಾರಿಸಿದೆವು, ಗುಣವಾಗಲೆಂದು ಪ್ರಾರ್ಥಿಸಿ ಬಂದೆವು. ಮರುದಿನ ಆರೋಗ್ಯ ಕಾರ್ಯಕರ್ತೆಯೊಬ್ಬರು ಬೀದಿಯ ಮನೆಗಳನ್ನು ಪರಿಶೀಲಿಸುತ್ತಾ ನಮ್ಮ ಹಿತ್ತಲಿಗೂ ಬಂದರು. ಮುರಿದ ಬಕೆಟ್ಟಿನಲ್ಲಿ, ತಾರಸಿಯ ಮೇಲಿನ ಹಳೆಯ ಟಯರಿನಲ್ಲಿ ಸೊಳ್ಳೆಮರಿಗಳು ತುಂಬಿದ್ದವು. ಆಕೆ ಟಾರ್ಚು ಹಿಡಿದು ತೋರಿಸಿದರು, ಏನನ್ನೂ ಹೇಳಲಿಲ್ಲ. ಆ ಮಗುವನ್ನು ಕಚ್ಚಿದ ಸೊಳ್ಳೆ ನಮ್ಮ ಟಯರಿನದೇ ಎಂದು ಯಾರೂ ಸಾಧಿಸಲಾರರು, ಅಲ್ಲವೆಂದು ಹೇಳಲು ನಮ್ಮಿಂದಲೂ ಆಗಲಿಲ್ಲ. ಒಂದು ಕೈಯಲ್ಲಿ ಹಣ್ಣು ಕೊಟ್ಟು ಇನ್ನೊಂದು ಕೈಯಿಂದ ಜ್ವರ ಕೊಟ್ಟೆವೇ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬಾಲಕಿ ಗುಣಮುಖಳಾದಳು. ಆದರೆ ನೆರೆಯವರ ಹಕ್ಕಿನ ಬಗ್ಗೆ ನಾವು ಅಷ್ಟು ದಿನ ಕೇಳಿದ ಉಪದೇಶಗಳ ಅರ್ಥ ಆ ಟಯರಿನ ಮುಂದೆ ನಿಂತಾಗ ನಮಗೆ ಹೊಳೆಯಿತು.

ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಇನ್ನೊಂದು ವಿಶೇಷ ಪರಿಸ್ಥಿತಿಯಿದೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ಸಹೋದರರ ಅನೇಕ ಮನೆಗಳು ಬೀಗ ಹಾಕಿಕೊಂಡಿರುತ್ತವೆ. ಹಣ ಸಾಲದೆ ಅರ್ಧಕ್ಕೆ ನಿಂತ ಮನೆಗಳೂ ಇವೆ. ಆ ಮನೆಗಳ ಟ್ಯಾಂಕಿಗೆ ಮುಚ್ಚಳವಿಲ್ಲ, ಸ್ಲ್ಯಾಬಿನ ಮೇಲೆ ಮಳೆನೀರು. ಮನೆಯ ಯಜಮಾನ ಸಾವಿರಾರು ಮೈಲಿ ದೂರದಲ್ಲಿರುತ್ತಾನೆ, ಅವನ ಟ್ಯಾಂಕಿನ ಸೊಳ್ಳೆ ಇಲ್ಲಿರುವ ಅವನ ಬಂಧುಗಳನ್ನೇ ಕಚ್ಚುತ್ತದೆ. ಪ್ರತಿ ಜಮಾಅತ್ ಇಂಥ ಮನೆಗಳ ಪಟ್ಟಿ ಮಾಡಿ, ಕೀಲಿಕೈ ಇರುವ ಬಂಧುಗಳನ್ನು ಕಂಡು, ಮಳೆಗೆ ಮುನ್ನ ಟ್ಯಾಂಕು ಬರಿದು ಮಾಡಿಸುವ ಜವಾಬ್ದಾರಿ ವಹಿಸಿಕೊಳ್ಳಬಾರದೇ? ಮಸೀದಿಯ ಹೌಝ್, ಮದ್ರಸದ ಟ್ಯಾಂಕು, ಮದುವೆ ಔತಣದ ಬಳಿಕ ಹಿತ್ತಲಿನಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಲೋಟಗಳು, ಇವೂ ನಮ್ಮ ಹೊಣೆಗೇ ಸೇರಿದವು. ಹೌಝ್‌ನಲ್ಲಿ ಮೀನು ಬಿಡುವ ಹಳೆಯ ಪದ್ಧತಿಯಲ್ಲಿ ವಿವೇಕವಿತ್ತು, ಮೀನು ಸೊಳ್ಳೆಮರಿಯನ್ನು ತಿನ್ನುತ್ತದೆ.

ಮಾಡಬೇಕಾದುದು ಕಷ್ಟದ್ದೇನಲ್ಲ. ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳೋಣ, ಶುಕ್ರವಾರ ಬೆಳಿಗ್ಗೆಯಾದರೆ ನೆನಪಿಡಲು ಸುಲಭ. ಆ ದಿನ ಮನೆಯ ಒಳಹೊರಗಿನ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಬೇಕು. ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಈಡಿಸ್ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ, ನೀರು ತಾಗಿದೊಡನೆ ಒಡೆಯುತ್ತದೆ. ಚೆಲ್ಲಲಾಗದ ನೀರನ್ನು ಬಿಗಿಯಾದ ಮುಚ್ಚಳದಿಂದ, ಇಲ್ಲವೇ ಒತ್ತಾದ ಬಟ್ಟೆಯಿಂದ ಮುಚ್ಚಬೇಕು. ಬಾವಿ ಮತ್ತು ಟ್ಯಾಂಕಿಗೆ ಬಲೆ ಹಾಕಿಸಬೇಕು. ಮಕ್ಕಳು ಹಗಲಲ್ಲಿ ಮಲಗುವಾಗಲೂ ಪರದೆ ಕಟ್ಟಬೇಕು. ಈ ಕೆಲಸ ಮನೆಯ ಹೆಂಗಸರ ಪಾಲಿನದೆಂದು ಗಂಡಸರು ಕೈಕಟ್ಟಿ ಕೂರುವುದೂ ಸಲ್ಲದು. ತಾರಸಿ ಹತ್ತಿ ಟ್ಯಾಂಕು ನೋಡಲು ಪುರುಷರಿಗೂ ಮೆಟ್ಟಿಲುಗಳಿವೆ.

ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ದಿನ ಕಳೆಯಬಾರದು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾದ ರಕ್ತಪರೀಕ್ಷೆ ಉಚಿತ. ವೈವಾಕ್ಸ್ ಮಲೇರಿಯಾ ಬಂದವರಿಗೆ ವೈದ್ಯರು ಸಾಮಾನ್ಯವಾಗಿ 14 ದಿನಗಳ ಪ್ರಿಮಾಕ್ವಿನ್ ಮಾತ್ರೆ ಕೊಡುತ್ತಾರೆ. ಅದು ಗರ್ಭಿಣಿಯರಿಗಲ್ಲ, ವೈದ್ಯರ ಸಲಹೆಯಿಲ್ಲದೆ ಯಾರಿಗೂ ಅಲ್ಲ. ಜ್ವರ ಬಿಟ್ಟಿತೆಂದು ಮೂರನೆಯ ದಿನ ಅದನ್ನು ನಿಲ್ಲಿಸಿದರೆ ಪಿತ್ತಜನಕಾಂಗದಲ್ಲಿ ಅಡಗಿದ ಪರಾವಲಂಬಿ ಮತ್ತೆ ಎದ್ದು ಬರುತ್ತದೆ, ನೆರೆಯವರಿಗೂ ಹರಡುತ್ತದೆ. ಡೆಂಗ್ಯೂವಿನ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೇನ್‌ಗಳನ್ನು ತೆಗೆದುಕೊಳ್ಳಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಪ್ಯಾರಾಸಿಟಮಾಲ್ ಮತ್ತು ಧಾರಾಳ ದ್ರವಾಹಾರ ಸಾಕು. ಜ್ವರ ಇಳಿಯುವ ಹೊತ್ತೇ ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಎಂಬುದನ್ನು ಬಹಳ ಮಂದಿ ಅರಿಯರು. ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸಹೋದರ ಸಹೋದರಿಯರೇ, 2030ರೊಳಗೆ ದೇಶದಿಂದ ಮಲೇರಿಯಾವನ್ನು ನಿರ್ಮೂಲನೆ ಮಾಡುವ ಗುರಿಯನ್ನು ಭಾರತ ಹಾಕಿಕೊಂಡಿದೆ. ಅದು ದೆಹಲಿಯ ಕಡತದಲ್ಲಿ ಈಡೇರುವ ಗುರಿಯಲ್ಲ, ನಮ್ಮ ತಾರಸಿಗಳ ಮೇಲೆ ಈಡೇರಬೇಕಾದುದು. ಸಹಿಸಿಕೊಳ್ಳುವುದೇ ಕರ್ತವ್ಯವೆಂದು ಹೇಳಿದ ಬೆಂಗಳೂರಿನ ಆ ಅಧಿಕಾರಿಯ ಮಾತಿನಲ್ಲಿ ಧರ್ಮದ ಧ್ವನಿಯಿತ್ತು, ಆದರೆ ಅದು ಸೋಮಾರಿತನದ ಮಾತಾಗಿತ್ತು. ಬಂದ ರೋಗವನ್ನು ತಾಳ್ಮೆಯಿಂದ ಸಹಿಸುವುದು ಒಳ್ಳೆಯದು. ಬರಿದು ಮಾಡಬಹುದಾದ ತೊಟ್ಟಿಯನ್ನು ಹಾಗೆಯೇ ಬಿಟ್ಟು, ನೆರೆಯವನ ಮಗುವಿಗೆ ಬಂದ ಜ್ವರವನ್ನು ವಿಧಿಯೆನ್ನುವುದು ತಾಳ್ಮೆಯಲ್ಲ.

ಇಂದು ಸಭೆ ಮುಗಿಸಿ ಮನೆಗೆ ಹೋದೊಡನೆ ಒಂದು ಟಾರ್ಚು ಹಿಡಿದು ಹಿತ್ತಲಿಗೊಮ್ಮೆ, ತಾರಸಿಗೊಮ್ಮೆ ಹೋಗಿ ನೋಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇವೆ. ನಾವೂ ಹೋಗಿ ನೋಡುತ್ತೇವೆ.